ನೂರೇಳು ಕಮಲ

ತಿಪ್ಪೇರುದ್ರ ಆಶ್ರಮಕ್ಕೆ ಬಂದಾಗ ವಯಸ್ಸು ಅರವತ್ತರ ಹತ್ತಿರ. ಮನೆ ಬಿಟ್ಟಿದ್ದ, ಅಂಗಡಿ ಬಿಟ್ಟಿದ್ದ, ನಶ್ಯವನ್ನೂ ಬಿಟ್ಟಿದ್ದ. ಒಂದು ತಗಡಿನ ಡಬ್ಬಿ ಮಾತ್ರ ಬಿಟ್ಟಿರಲಿಲ್ಲ.

ಎರಡು ವರ್ಷ ಗುರುಗಳು ಅದರ ಬಗ್ಗೆ ಕೇಳಲಿಲ್ಲ.

ದೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವನೇ ಡಬ್ಬಿ ಹಿಡಿದು ಹೊಳೆಯ ದಂಡೆಗೆ ಬಂದ. ಗುರುಗಳು ಕಲ್ಲಿನ ಮೇಲೆ ಕೂತು ಹರಿದ ಪಂಚೆ ಹೊಲಿಯುತ್ತಿದ್ದರು.

"ಅಜ್ಜಯ್ಯ, ನನಗೆ ದೀಕ್ಷೆ ಬೇಡ. ಊರಿಗೆ ಹೋಗುತ್ತೇನೆ."

"ಹೋಗು. ಸೂಜಿಗೆ ದಾರ ಪೋಣಿಸಿಕೊಟ್ಟು ಹೋಗು."

ತಿಪ್ಪೇರುದ್ರ ಸೂಜಿ ತೆಗೆದುಕೊಂಡ. ಮೂರು ಸಲ ತಪ್ಪಿ, ನಾಲ್ಕನೆಯ ಸಲ ದಾರ ಹೋಯಿತು.

"ಡಬ್ಬಿಯಲ್ಲಿ ಏನು?"

ತಿಪ್ಪೇರುದ್ರ ಮುಚ್ಚಳ ತೆಗೆದ. ಇಪ್ಪತ್ತು ಪೈಸೆಯ ಹಿತ್ತಾಳೆ ನಾಣ್ಯಗಳು. ಒಂದೊಂದರ ಮೇಲೂ ಅರಳಿದ ಕಮಲ.

ಗುರುಗಳು ಒಂದನ್ನು ಎತ್ತಿಕೊಂಡರು. ಮುಖದ ಗಂಟು ಸಡಿಲವಾಯಿತು.

"ಇದನ್ನು ನೋಡಿ ಎಷ್ಟು ಕಾಲವಾಯಿತಪ್ಪಾ! ಮಿಕ್ಕ ಸಣ್ಣ ಚಿಲ್ಲರೆ ಹೆಚ್ಚಾಗಿ ಅಲ್ಯೂಮಿನಿಯಂ, ಊದಿದರೆ ಹಾರುವಂಥವು. ಮೂರು ಪೈಸೆಗೆ ಆರು ಮೂಲೆ, ಹತ್ತು ಪೈಸೆಗೆ ಹೂವಿನ ಅಂಚು. ಜೇಬಿಗೆ ಕೈ ಹಾಕಿದರೆ ಬೆರಳಿಗೇ ತಿಳಿಯುತ್ತಿತ್ತು. ಇದು ಮಾತ್ರ ತೂಕದ್ದು."

"ಇದರಲ್ಲಿ ಚಿನ್ನ ಬೆರೆಸಿದ್ದಾರೆ ಅನ್ನುತ್ತಿದ್ದರು."

"ನಮ್ಮೂರ ಅಕ್ಕಸಾಲಿಗ ಕೇಳಿ ನಕ್ಕು ನಕ್ಕು ಸುಸ್ತಾದ. ಹೆಂಗಸರು ಕೂಡಿಡುವುದು ಬಿಡಲಿಲ್ಲ. ನೂರೆಂಟು ಕೂಡಿಸಿ ಲಕ್ಷ್ಮಿಗೆ ಪೂಜೆ ಮಾಡುತ್ತಿದ್ದರು."

"ನಮ್ಮವ್ವನೂ ಮಾಡುತ್ತಿದ್ದಳು. ಇವು ಅವಳವೇ. ನೂರೇಳು ಇವೆ."

"ಇನ್ನೊಂದು?"

"ತಿಂದೆ."

"ನಾಣ್ಯ ತಿಂದೆಯಾ?"

"ಐಸ್ ಕ್ಯಾಂಡಿ. ಆಗ ನನಗೆ ಎಂಟು ವರ್ಷ. ನೂರೆಂಟು ತುಂಬಿದ ಮೊದಲ ಶುಕ್ರವಾರವೇ ಒಂದು ಕದ್ದೆ. ಹತ್ತು ಪೈಸೆಗೊಂದರಂತೆ ಎರಡು ಬಂದವು."

"ಎರಡೂ ಒಬ್ಬನೇ?"

"ಒಬ್ಬನೇ."

"ಭಾರಿ ಕಳ್ಳ."

ತಿಪ್ಪೇರುದ್ರನಿಗೆ ನಗು ಬರಲಿಲ್ಲ.

"ಸಂಜೆ ಪೂಜೆಗೆ ಕೂತಳು. ಒಂಬತ್ತು ಸಾಲು, ಸಾಲಿಗೆ ಹನ್ನೆರಡು. ಕೊನೆಯ ಜಾಗ ಖಾಲಿ. ಅವ್ವ ನನ್ನ ನಾಲಿಗೆ ನೋಡಿದಳು. ಕೆಂಪಗಿತ್ತು."

"ಹೊಡೆದಳಾ?"

"ಒಂದು ಮಾತೂ ಆಡಲಿಲ್ಲ. ಖಾಲಿ ಜಾಗಕ್ಕೆ ಚಿಟಿಕೆ ಕುಂಕುಮ ಇಟ್ಟಳು. ಸಾಯುವ ತನಕ ಶುಕ್ರವಾರ ಶುಕ್ರವಾರ ಹಾಗೇ ಇಟ್ಟಳು. ಇಪ್ಪತ್ತೊಂದು ವರ್ಷ."

ಅವನು ತಾನುಟ್ಟ ಪಂಚೆಯ ಗಂಟು ಬಿಚ್ಚಿ ಇನ್ನೊಂದು ಕಮಲ ತೆಗೆದ.

"ನಿನ್ನೆ ಪೇಟೆಯಲ್ಲಿ ಹಳೆ ನಾಣ್ಯ ಮಾರುವವನ ಹತ್ತಿರ ಇದನ್ನು ಕೊಂಡೆ. ನೂರೆಂಟು ಮಾಡಿ ನಿಮ್ಮ ಕಾಲಿಗೆ ಬೀಳೋಣ ಅಂದುಕೊಂಡೆ. ಡಬ್ಬಿಗೆ ಹಾಕಲು ಕೈ ಬರಲಿಲ್ಲ, ಅಜ್ಜಯ್ಯ. ಹೆತ್ತವಳ ಪೂಜೆ ಕೆಡಿಸಿದವನು ನಾನು. ನನಗೆ ಎಂಥ ದೀಕ್ಷೆ?"

ಗುರುಗಳು ಹಲ್ಲಿನಲ್ಲಿ ದಾರ ಕಡಿದರು.

"ನಿಮ್ಮವ್ವನ ಕಸುಬೇನು?"

"ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದಳು."

"ಮೊಳಕ್ಕೆ ಎಷ್ಟು?"

"ಇಪ್ಪತ್ತು ಪೈಸೆ."

"ಕಮಲದ ನಾಣ್ಯ ಬರುತ್ತಿತ್ತಾ?"

"ದಿನಾ ಬರುತ್ತಿತ್ತು. ಅವಳು ಕೂಡಿಸಿದ್ದೇ ಹಾಗೆ."

"ನೀನು ಕದ್ದ ಮೇಲೆ?"

"ಆಮೇಲೂ ಬರುತ್ತಿತ್ತು. ಬುಟ್ಟಿಯಲ್ಲಿ ಯಾವಾಗಲೂ ಎರಡೋ ಮೂರೋ..."



ಐವತ್ತು ವರ್ಷ ಅವನು ಆ ಖಾಲಿ ಜಾಗವನ್ನೇ ನೋಡಿದ್ದ. ಬುಟ್ಟಿಯ ಕಡೆ ನೋಡಿರಲಿಲ್ಲ.



"ಬೇಕೆಂದೇ ತುಂಬಲಿಲ್ಲವಾ ಅವಳು?" ಅಂದ. ಗುರುಗಳು ಪಂಚೆಯನ್ನು ಮೊಣಕಾಲ ಮೇಲೆ ಹಾಸಿಕೊಂಡರು. "ಹಾಗಾದರೆ ಆ ಕುಂಕುಮ ಯಾರಿಗೆ, ಅಜ್ಜಯ್ಯ?"

ಗುರುಗಳು ಡಬ್ಬಿಯನ್ನು ಪಂಚೆಯ ಮೇಲೆ ಬೋರಲು ಹಾಕಿದರು. ನಾಣ್ಯಗಳು ಗಲಗಲ ಸುರಿದವು. ಬರಿದಾದ ಡಬ್ಬಿಯ ತಳದಲ್ಲಿ ಅವ್ವನ ಶುಕ್ರವಾರಗಳ ಹಳೆಯ ಕುಂಕುಮ ಮೆತ್ತಿಕೊಂಡಿತ್ತು.

ಅದರಲ್ಲಿ ಹೆಬ್ಬೆರಳು ಉಜ್ಜಿದರು.

"ಹಣೆ ತಾ ಇಲ್ಲಿ."