ಮುನ್ನೂರು ಕಿಲೋಮೀಟರಿನ ಗಾಡಿ

ದಾವಣಗೆರೆಯಲ್ಲಿ ಕೊಟ್ರಬಸಪ್ಪನವರದು ಮಂಡಕ್ಕಿ ಭಟ್ಟಿ. ಕರೆಂಟಿನ ಪಿಕಪ್ ಕೊಳ್ಳೋಣ ಅಂತ ಷೋರೂಮಿನಿಂದ ಒಂದನ್ನು ಟ್ರಯಲ್‌ಗೆ ತರಿಸಿದರು. ಒಂದು ಚಾರ್ಜಿಗೆ ನೂರಿಪ್ಪತ್ತು ಕಿಲೋಮೀಟರ್ ಓಡುತ್ತೆ ಅಂತ ಕೇಳಿ ಮುಖ ಸಿಂಡರಿಸಿದರು.

"ಮುನ್ನೂರು ಓಡೋದೇ ಬೇಕು" ಅಂದರು ತಮ್ಮ ಡ್ರೈವರಿಗೆ. "ಇನ್ನು ದಾರೀಲಿ ನಿಲ್ಲೋದು, ಟೀ ಕುಡಿಯೋದು ಎಲ್ಲ ಬಂದ್. ಬೆಳಿಗ್ಗೆ ಹೊರಟರೆ ಸಂಜೆ ತನಕ ಚಕ್ರ ತಿರುಗ್ತಾನೇ ಇರ್ಬೇಕು."

ಹತ್ತೊಂಬತ್ತು ವರ್ಷ ಸ್ಟೀರಿಂಗ್ ಹಿಡಿದು ಸೊಂಟ ಸವೆಸಿಕೊಂಡಿದ್ದ ಡ್ರೈವರ್ ವಾದ ಮಾಡಲಿಲ್ಲ. ವಾದಕ್ಕೂ ತ್ರಾಣ ಬೇಕಲ್ಲ. "ಹಾವೇರಿಗೆ ಲೋಡ್ ಐತೆ. ಹೋಗಿ ಬರೋಕೆ ನೂರೈವತ್ತು. ನೀವೂ ಬನ್ನಿ ಸಾವ್ಕಾರ್ರೆ, ಈ ಗಾಡಿ ಎಲ್ಲಿ ಕೈ ಕೊಡ್ತದೆ ನೀವೇ ನೋಡಿ" ಅಂದ.

ಹರಿಹರ ದಾಟುವ ಮೊದಲೇ ಸಾವ್ಕಾರ್ರು "ಒಂದಕ್ಕೆ ಹೋಗ್ಬೇಕು, ನಿಲ್ಸು" ಅಂದರು. ರಾಣೆಬೆನ್ನೂರಲ್ಲಿ ಅವರ ತಂಗಿ ಮನೆ. ಅಲ್ಲಿ ಊಟ ಆಯ್ತು, ಎರಡು ತಾಸು ನಿದ್ದೆಯೂ ಆಯ್ತು. ಹಾವೇರಿಯಲ್ಲಿ ಬೆನ್ನು ಹಿಡಿದುಕೊಂಡಿತು ಅಂತ ಅಂಗಡಿಯ ಮೂಟೆಗಳ ಮೇಲೆ ಮತ್ತೆ ಅಡ್ಡಾದರು. ಅವರು ಅಡ್ಡಾದಲ್ಲೆಲ್ಲ ಡ್ರೈವರ್ ಗಾಡಿಯ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದ.

ಸಂಜೆ ಭಟ್ಟಿ ಮುಂದೆ ಇಳಿದಾಗ ಇನ್ನೂ ಇಪ್ಪತ್ತು ಕಿಲೋಮೀಟರಿಗಾಗುವಷ್ಟು ಚಾರ್ಜ್ ಉಳಿದಿತ್ತು. ಆದರೂ ಸಾವ್ಕಾರ್ರು ಸಿಡುಕಿದರು. "ಏನ್ ಗಾಡಿನೋ ಇದು! ದಾರೀಲಿ ಎಷ್ಟು ಸಲ ನಿಂತ್ವಿ!"

"ಗಾಡಿ ಒಂದು ಸಲಾನೂ ನಿಲ್ಸು ಅನ್ನಲಿಲ್ಲ, ಸಾವ್ಕಾರ್ರೆ."

ಸಾವ್ಕಾರ್ರು ಸೊಂಟ ನೀವಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ನೂರಿಪ್ಪತ್ತರದ್ದೇ ಸಾಕು. ಬಾ, ಟೀ ಕುಡಿಯೋಣ."