ಸುಟ್ಟ ಮೂಡಣ ನಾಡು ಚಿಗುರಿದ ಗುಟ್ಟು

"ಕೇಳ್ರಪ್ಪೋ ಕೇಳಿ! ಕಡಲಾಚೆಯ ಮೂಡಣ ನಾಡು ಯುದ್ಧದಲ್ಲಿ ಸುಟ್ಟು ಬೂದಿಯಾಯಿತು. ನಮ್ಮ ಮಕ್ಕಳಿಗೆ ಮೀಸೆ ಮೂಡುವಷ್ಟರಲ್ಲಿ ನಮಗಿಂತ ಸಿರಿವಂತವಾಯಿತು. ಹೇಗೆಂದು ಕೇಳಿದರೆ ಅಲ್ಲಿಂದ ಬಂದ ರಾಯಭಾರಿ ಅಜ್ಜಿ ಮೂರು ಒಗಟು ಹೇಳಿದ್ದಾರೆ. ಬಿಡಿಸಿದವರು ಬೇಡಿದ್ದು ಅರಸರು ಕೊಡುತ್ತಾರೆ. ತಪ್ಪಿದವರ ತಲೆ ಹೋಗುತ್ತದೆ!" ಎಂದು ಅರಮನೆಯ ಡಂಗುರದವನು ಸಾರಿದ.

ತಲೆ ತೆಗೆಯುವ ಮಾತು ಅಜ್ಜಿಯದಲ್ಲ, ಅರಸನದು. ಗುಟ್ಟು ತಿಳಿಯದೆ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ, ಪಾಪ.

ಅರಸನ ಸಭೆಯಲ್ಲಿ ಅಜ್ಜಿ ಮೊದಲನೆಯದನ್ನು ಕೇಳಿದಳು: "ಇಡಿಯಾಗಿದ್ದಾಗ ಕಡಿಮೆ ಉಣಿಸಿತು, ತುಂಡಾದಾಗ ಹೆಚ್ಚು ಉಣಿಸಿತು. ಏನದು?"

"ಚಿನ್ನದ ಗಟ್ಟಿ" ಎಂದ ಸಾಹುಕಾರನ ಮಗ. ಸೆರೆಗೆ ಹೋದ. ಗೇಣಿಗೆ ಉಳುವ ಮುದ್ದೀರ ಹಸಿದಿದ್ದ, "ರೊಟ್ಟಿ" ಎಂದ. ಅವನೂ ಹೋದ. ಸಂಜೆಗೆ ಇಬ್ಬರ ತಲೆಯೂ ಹೋಗುವುದಿತ್ತು.

ಮುದ್ದೀರನ ತಮ್ಮ ಸಣ್ಣೀರ ನೇಕಾರ. ಅಣ್ಣನ ಸುದ್ದಿ ಕೇಳಿ ಮಗ್ಗ ಬಿಟ್ಟು ಓಡಿಬಂದ. ಭಯ ಇತ್ತು, ಆದರೆ ಆ ಒಗಟು ಅವನ ತಲೆಯನ್ನೂ ಕೊರೆಯತೊಡಗಿತ್ತು. ಅಣ್ಣ ಒಡೆಯನ ಹೊಲದಲ್ಲಿ ಹೇಗೆ ದುಡಿಯುತ್ತಾನೆ, ಹಿತ್ತಲಿನ ಸ್ವಂತ ಮಡಿಯಲ್ಲಿ ಹೇಗೆ ದುಡಿಯುತ್ತಾನೆ ಎಂದು ನೆನೆದ.

"ಭೂಮಿ, ಅಜ್ಜಿ. ತುಂಡು ಮಾಡಿ ಹಂಚಿ ಉಳುವವನದೇ ಆದರೆ ಅವನು ಕಲ್ಲನ್ನೂ ಹಸನು ಮಾಡುತ್ತಾನೆ."

ಅಜ್ಜಿ ತಲೆದೂಗಿ ಎರಡನೆಯದನ್ನು ಕೇಳಿದಳು: "ಊರು ಸುಟ್ಟಿತು, ಗುಡಿ ಸುಟ್ಟಿತು, ಇದು ಸುಡಲಿಲ್ಲ. ಎಲ್ಲರಿಗೂ ಹಂಚಿದರೂ ಕೊಟ್ಟವರದು ಕರಗಲಿಲ್ಲ."

"ಕಲಿತ ವಿದ್ಯೆ."

"ಹೌದು. ಹುಡುಗಿಯರನ್ನೂ ಶಾಲೆಗೆ ಕಳಿಸಿದೆವು. ಇನ್ನೊಂದು: ಅರಸನ ಅನ್ನ ಉಂಡವನು ಅರಸನಿಗೆ ಹೆದರಲಿಲ್ಲ, ಕಂಡರಿಯದವನೊಬ್ಬನಿಗೆ ಹೆದರಿದ. ಆ ಕಂಡರಿಯದವನು ಯಾರು?"

ಸಣ್ಣೀರ ಯೋಚಿಸಿದ. ದೇವರೆನ್ನಲೇ? ಯಮನೆನ್ನಲೇ? ಹೊತ್ತು ಇಳಿಯುತ್ತಿತ್ತು. ಆಗ ಹಡಗಿನಲ್ಲಿ ಮರಳಿ ಬಂದ ತನ್ನದೇ ಸೀರೆಗಳು ನೆನಪಾದವು.

"ಹೊರನಾಡಿನ ಗಿರಾಕಿ," ಎಂದ ಮೆಲ್ಲಗೆ, ಅರಸನ ಕಡೆ ತಿರುಗಿ. "ಅರಮನೆಗೆ ಹೇಗೆ ನೇದರೂ ನಡೆಯುತ್ತದೆ, ಬುದ್ಧಿ, ತಪ್ಪು ತಿಳಿಯಬೇಡಿ. ನೂಲೂ ನೀವೇ ಕೊಡುತ್ತೀರಿ, ಭೇಷ್ ಅಂತಲೂ ನೀವೇ ಹೇಳುತ್ತೀರಿ. ಆಚೆಯವರು ಒಮ್ಮೆ ಒಗೆದು ನೋಡಿದರು. ಬಣ್ಣ ಬಿಟ್ಟಿತು, ವಾಪಸು ಕಳಿಸಿದರು. ನಾನು ಬಣ್ಣ ಹಾಕುವುದನ್ನು ಕಲಿತದ್ದು ಆಮೇಲೆ."

ಅಜ್ಜಿ ನಕ್ಕಳು. "ನಾವೂ ಕಸುಬಿನವರಿಗೆ ನೆರವು ಕೊಟ್ಟೆವು. ಹೊರನಾಡಿನಲ್ಲಿ ಮಾರಲಾಗದವನಿಗೆ ಆ ನೆರವು ನಿಲ್ಲಿಸಿದೆವು. ಇವು ಮೂರೇ ಅಲ್ಲಪ್ಪ. ಹೊರಗಿನವರ ಸಹಾಯವೂ ಸಿಕ್ಕಿತು, ಜನ ಹೊಟ್ಟೆ ಕಟ್ಟಿ ಹಣ ಉಳಿಸಿದರು. ಆದರೆ ಬೇರು ಇವೇ."

"ಏನು ಬೇಕು, ಕೇಳಪ್ಪಾ," ಎಂದ ಅರಸ.

"ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ."

"ಅಷ್ಟೇನಾ? ನಿನಗೆ?"

"ಅಣ್ಣ ಬಂದರೆ ಸಾಕು, ಬುದ್ಧಿ. ನಾಳೆ ಮತ್ತೆ ಒಡೆಯರ ಹೊಲ ಉಳುವುದಿದೆ ಅವನಿಗೆ."

ಅರಸ ತನ್ನ ಜಮೀನುದಾರರ ಕಡೆ ತಿರುಗಿದ. ಅವರೆಲ್ಲ ಚಾವಣಿ ನೋಡುತ್ತಿದ್ದರು. ಗುಟ್ಟು ಗೊತ್ತಾದ ಮೇಲೂ ಅರಸನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಅಳತೆಯ ಹಗ್ಗ ತರಿಸಿ, ಮುದ್ದೀರನ ಕೈಗೆ ಅದರ ಒಂದು ತುದಿ ಕೊಟ್ಟು, ಉಳುವವರಿಗೆ ಹಂಚಲೆಂದು ಮೊದಲು ಅರಮನೆಯ ಗದ್ದೆಯನ್ನೇ ಅಳೆಯಿಸಿದ.