ಇನ್ನೊಂದು ಎಸ್ ಹಾಕು

ನಾಗವೇಣಿ ಊರಿಗೆಲ್ಲ ಇಂಟರ್‌ನೆಟ್ ಕನೆಕ್ಷನ್ ಕೊಡುವವಳು. ಒಂದು ದಿನ ಸಂಸ್ಕೃತಿ ರಕ್ಷಣಾ ಸಮಿತಿಯ ಅಧ್ಯಕ್ಷ ಚನ್ನವೀರಯ್ಯನವರು ಹೆಂಡತಿ ಗಿರಿಜಾಂಬೆಯನ್ನೂ ಸದಸ್ಯರನ್ನೂ ಕರೆದುಕೊಂಡು ಅವಳ ಅಂಗಡಿಗೆ ನುಗ್ಗಿದರು.

"ನಿನ್ನಿಂದಲೇ ಊರು ಕೆಡ್ತಿದೆ. ಹೊಲಸು ಸೈಟುಗಳನ್ನೆಲ್ಲ ಇವತ್ತೇ ಬಂದ್ ಮಾಡು. ಇಲ್ಲದಿದ್ದರೆ ಅಂಗಡಿಗೆ ಬೀಗ ಹಾಕಿಸ್ತೀವಿ!"

"ಆಗಲಿ ಸರ್. ಯಾವುದನ್ನು ಬಂದ್ ಮಾಡಲಿ? ಹೆಸರು ಹೇಳಿ."

"ಥೂ! ಆ ಹೆಸರು ನನ್ನ ಬಾಯಲ್ಲಿ ಬರಬೇಕಾ?"

ನಾಗವೇಣಿ ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಹುಡುಗರ ಬಾಯಲ್ಲಿ ಕೇಳಿದ್ದ ಒಂದು ಹೆಸರನ್ನು ಬೇಕೆಂದೇ ತಪ್ಪಾಗಿ ಟೈಪ್ ಮಾಡಿದಳು.

"ನೋಡಿ ಸರ್, ಇಂಥ ಸೈಟೇ ಇಲ್ಲ ಅಂತ ಬರ್ತಿದೆ. ಪೀಡೆ ತಾನಾಗಿಯೇ ತೊಲಗಿರಬೇಕು."

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಎಲ್ಲಿ ತೊಲಗಿದೆ? ಕೊನೆಗೆ ಇನ್ನೊಂದು ಎಸ್ ಹಾಕು."

ಸದಸ್ಯರೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರ ಕಿವಿ ಕೆಂಪಾಯಿತು.

"ಅಂದ್ರೆ... ಶತ್ರು ಯಾರು ಅಂತ ತಿಳ್ಕೊಂಡಿರಬೇಕಲ್ಲ!"

"ಹೌದು ಸರ್," ಎಂದಳು ನಾಗವೇಣಿ, ನಗದೆ. "ಹಾಗಾದ್ರೆ ಮೊದಲು ನಿಮ್ಮನೆ ಕನೆಕ್ಷನ್ನಿನಲ್ಲೇ ಬಂದ್ ಮಾಡ್ತೀನಿ. ಊರಿಗೆ ಮಾದರಿಯಾಗುತ್ತೆ."

"ಛೆ ಛೆ, ಅಷ್ಟೇನು ಅವಸರ ಇಲ್ಲಮ್ಮ," ಎಂದು ಅಧ್ಯಕ್ಷರು ಬಾಗಿಲ ಕಡೆ ಹೆಜ್ಜೆ ಹಾಕಿದರು.

ಬಾಗಿಲಲ್ಲಿ ಗಿರಿಜಾಂಬೆ ನಿಂತಿದ್ದರು.

"ಅವಸರ ಇದೆ," ಎಂದರು.